ಚೈತ್ರದಾಗ ನಮ್ಮ ಹಿತ್ತಲು

ವಾಚನಾಲಯದ ಹುಡುಗರು ಈ ಸಲದ ಪುಸ್ತಕಕ್ಕೆ ಊರಿನ ಚರಿತ್ರೆ ಮೇಲೆ ಏನಾದರೂ ಬರೆದುಕೊಡ್ರಿ ಅಂತ ಕೇಳಿದರು. ಚರಿತ್ರೆ ಅಂದರೆ ರಾಜರು, ಲಡಾಯಿ, ಕೋಟೆ, ಜಾಗೀರು ಅಂತ ಎಲ್ಲರೂ ತಿಳಿದಿದ್ದಾರೆ. ಅದನ್ನು ಬರೆಯಲು ಊರಿನಲ್ಲಿ ಮಾಸ್ತರರು ಇದ್ದಾರೆ. ನಾನು ಸೇಡಂ ಕಡೆಯ ಹಳ್ಳಿಯಿಂದ 1985ರಲ್ಲಿ ಮದುವೆಯಾಗಿ ಬೊಮ್ರಾಸಪೇಟಕ್ಕೆ ಬಂದವಳು. ಆಂಧ್ರದಲ್ಲಿ ತಾಲೂಕು ಒಡೆದು ಮಂಡಲ ಮಾಡಿದ ವರ್ಷ ಅದು. ಓದಿದ್ದು ಮೆಟ್ರಿಕ್. ಆಮೇಲೆ ಓದಿದ್ದೆಲ್ಲ ನಮ್ಮ ಮನೆಯವರು ತಂದಿಟ್ಟ ಪುಸ್ತಕ, ಈ ವಾಚನಾಲಯದ ಪುಸ್ತಕ. ನನಗೆ ಬೇರುಸಹಿತ ಗೊತ್ತಿರುವ ಚರಿತ್ರೆ ಎಂದರೆ ಮನೆ ಹಿಂದಿನ ಹಿತ್ತಲದ್ದು ಒಂದೇ.

ನಗಬ್ಯಾಡ್ರಿ. ಹಿತ್ತಲೂ ಒಂದು ದಫ್ತರವೇ. ತಹಶೀಲ ಕಚೇರಿಯ ಕಾಗದಗಳು ಒಂದು ಕಾಲಕ್ಕೆ ಉರ್ದುವಿನಲ್ಲಿ ಇದ್ದವು, ಆಮೇಲೆ ತೆಲುಗಿಗೆ ಬಂದವು. ಅವನ್ನು ಓದಲು ಒಬ್ಬರಲ್ಲ ಒಬ್ಬರ ಕೈಕಾಲು ಹಿಡಿಯಬೇಕು. ಹಿತ್ತಲದ ದಫ್ತರ ಓದಲು ಚೈತ್ರ ಮಾಸದಲ್ಲಿ ಬೆಳಿಗ್ಗೆ ಎದ್ದು ಹಿಂದಿನ ಬಾಗಿಲು ತೆಗೆದರೆ ಸಾಕು. ಯಾವ ಗಿಡ ಯಾರ ಕಾಲದಲ್ಲಿ ಬಂತು, ಎಲ್ಲಿಂದ ಬಂತು ಎಂಬುದು ಅದರ ಹೆಸರಿನಲ್ಲೇ ಇರುತ್ತದೆ.

ಮೊದಲು ನಮ್ಮ ವಸಂತದ ಮಾತು. ಚೈತ್ರ, ವೈಶಾಖ ವಸಂತ ಋತು ಎಂದು ಪಂಚಾಂಗದಲ್ಲಿ ಬರೆದಿರುತ್ತದೆ. ತಾಂಡೂರು, ಕೊಡಂಗಲ್, ಪರಿಗಿ ಸೀಮೆಯಲ್ಲಿ ಆ ಎರಡು ತಿಂಗಳು ಬಂಡೆ ಕಾಯುವ ತಿಂಗಳು. ಪುಸ್ತಕದಲ್ಲಿ ಓದುವ ತಂಪು ಗಾಳಿಯ ವಸಂತ ನಮ್ಮ ಕಡೆ ಹುಡುಕಿದರೆ ಸಿಗುವುದಿಲ್ಲ. ನಮ್ಮ ವಸಂತ ಮಾಘದಲ್ಲೇ ಸದ್ದಿಲ್ಲದೆ ಒಳಗೆ ಬರುತ್ತದೆ. ಮಾವಿನ ಗಿಡಕ್ಕೆ ಹೂ ಕಟ್ಟುತ್ತದೆ. ಬೇವಿನ ಗಿಡ ಎಲೆ ಉದುರಿಸಿ ಅಂಗಳದ ತುಂಬ ಹಳದಿ ಹಾಸುತ್ತದೆ. ದಿನಕ್ಕೆ ಎರಡು ಸಲ ಕಸ ಹೊಡೆದರೂ ಸಾಲದು. ಫಾಲ್ಗುಣದಲ್ಲಿ ಹೊಲದ ಬದುವಿನ ಮುತ್ತಲ ಗಿಡಕ್ಕೆ ಒಂದೂ ಎಲೆಯಿಲ್ಲದೆ ಬೆಂಕಿಯಂಥ ಹೂ. ಕಾಮಣ್ಣನ ಹುಣ್ಣಿಮೆಗೆ ಆ ಹೂ ಕುದಿಸಿ ಬಣ್ಣ ಮಾಡುತ್ತಿದ್ದರು, ಈಗ ಅಂಗಡಿಯ ಪುಡಿ ಬಂದಿದೆ. ಶಾಲೆಯ ಪುಸ್ತಕದಲ್ಲಿ 1757ರ ಪ್ಲಾಸಿ ಕದನ ಅಂತ ಬರುತ್ತದಲ್ಲ, ಆ ಪಲಾಶಿ ಊರಿಗೆ ಹೆಸರು ಬಂದದ್ದು ಇದೇ ಮುತ್ತಲದಿಂದ. ಪಲಾಶ ಅಂದರೆ ಮುತ್ತಲ. ಮಾಸ್ತರರು ಇದನ್ನು ಮಕ್ಕಳಿಗೆ ಹೇಳಿದರೆ ಕದನದ ಹೆಸರು ಮರೆಯಲಿಕ್ಕಿಲ್ಲ.

ಯುಗಾದಿ ಹೊತ್ತಿಗೆ ಬೇವು ತಾಮ್ರದ ಬಣ್ಣದ ಚಿಗುರು ಬಿಟ್ಟು, ಅದು ಹಸಿರಾಗಿ, ಬಿಳಿ ಹೂ ತುಂಬಿರುತ್ತದೆ. ಆಗ ಹಿತ್ತಲದ ಸುಖ ಎರಡು ಹೊತ್ತು ಮಾತ್ರ. ಬೆಳಿಗ್ಗೆ ಎಂಟೊಂಬತ್ತರ ತನಕ, ಸಂಜೆ ಹೊತ್ತು ಮುಳುಗಿದ ಮೇಲೆ. ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಚಹಾ ಹಿಡಿದು ಕೂತರೆ ತಲೆಯ ಮೇಲೆ ಬೇವಿನ ಹೂ ಅಕ್ಕಿನುಚ್ಚಿನಂತೆ ಉದುರುತ್ತದೆ, ಜೇನುಹುಳದ ಗುಂಯ್ ಅನ್ನುವ ಸದ್ದು ಒಂದೇ ಸಮ. ಕೋಗಿಲೆ ಕೂಗಿದರೆ ನಮ್ಮ ಅತ್ತಿ "ಕಾಗಿ ಗೂಡಿನಾಗ ತತ್ತಿ ಇಟ್ಟು ಬಂದು ಹಾಡಲಿಕ್ಕತ್ತದ ನೋಡು, ನಾಚಿಕಿಲ್ಲ" ಅನ್ನುತ್ತಿದ್ದರು. ಮಧ್ಯಾಹ್ನ ಆ ಕಡೆ ಯಾರೂ ಹಾಯುವುದಿಲ್ಲ. ಸಂಜೆ ನೆಲಕ್ಕೆ ನೀರು ಚಿಮುಕಿಸಿ ಹೊರಸು ಹಾಕಿದರೆ, ದುಂಡುಮಲ್ಲಿಗೆ ಬಿರಿಯುವ ಹೊತ್ತು. ಕರೆಂಟು ಹೋದರೂ ಆ ಹೊತ್ತಿನಲ್ಲಿ ಯಾರಿಗೂ ಸಿಟ್ಟು ಬರುತ್ತಿರಲಿಲ್ಲ. ಅತ್ತಿ ಹೊರಸಿನ ಮೇಲೆ ಮಲಗಿ ಯಾವ ಗಿಡ ಯಾರು ತಂದದ್ದು ಅನ್ನುವುದನ್ನು ಹೇಳುತ್ತ ನಿದ್ದೆ ಹೋಗುತ್ತಿದ್ದರು. ಈ ಬರಹದ ಅರ್ಧ ಮಾತು ಅವರದು, ಉಳಿದ ಅರ್ಧ ಪುಸ್ತಕದ್ದು.

ಹಳೆಯದರಿಂದ ಶುರು ಮಾಡುತ್ತೇನೆ. ಬೇವು, ಮಾವು, ಮಲ್ಲಿಗೆ, ನುಗ್ಗೆ, ಬಾಳೆ ಇವು ಈ ನೆಲದಲ್ಲಿ ನಮಗಿಂತ ಮೊದಲೇ ಇದ್ದಂಥವು. ತಾಂಡೂರಿನ ಕಡೆಯಿಂದ ಹರಿದು ಹೋಗುವ ಕಾಗಿಣಾ ಹೊಳೆ ನಮ್ಮ ತವರಿನ ಕಡೆ ಮಳಖೇಡದ ಪಕ್ಕದಲ್ಲಿ ಹಾಯ್ದು ಭೀಮೆಯನ್ನು ಸೇರುತ್ತದೆ. ಆ ಮಳಖೇಡವೇ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅವರ ನಂತರ ಚಾಲುಕ್ಯರು ಬಂದರು, ಮುಂದೆ ರಾಜಧಾನಿ ಕಲ್ಯಾಣಕ್ಕೆ ಹೋಯಿತು. ಜಹೀರಾಬಾದಿನಿಂದ ಹುಮನಾಬಾದ ದಾಟಿದರೆ ಬಸವಕಲ್ಯಾಣ ಬಂತು. ಅಂದರೆ ನಾವು ಈಗ ಗಡಿಯಂಚಿನವರು ಅನ್ನಿಸಿಕೊಂಡಿದ್ದೇವೆ, ಆಗ ರಾಜಧಾನಿಯ ನೆರಳಿನಲ್ಲೇ ಇದ್ದವರು.

ಆ ಕಾಲದವರು ಗಿಡಮರದ ವಿದ್ಯೆಯನ್ನು ಹಗುರ ತಿಳಿದಿರಲಿಲ್ಲ. ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ, ಎರಡನೆಯ ಚಾವುಂಡರಾಯ ಎಂಬವನು ಕನ್ನಡದಲ್ಲಿ 'ಲೋಕೋಪಕಾರ' ಎಂಬ ಪುಸ್ತಕ ಬರೆದ. ಹೆಸರೇ ಹೇಳುವಂತೆ ಅದು ಜನರಿಗೆ ಉಪಯೋಗ ಬೀಳುವ ಮಾತುಗಳ ಪುಸ್ತಕ. ಹುತ್ತ, ಗಿಡಮರಗಳ ಗುರುತು ನೋಡಿ ನೆಲದಡಿಯ ನೀರು ಹುಡುಕುವುದು, ಬೀಜಕ್ಕೆ, ಬೇರಿಗೆ ಏನು ಉಪಚಾರ ಮಾಡಬೇಕು ಎಂಬ ವೃಕ್ಷಾಯುರ್ವೇದ, ಅಡುಗೆ, ಸುಗಂಧ ಮಾಡುವ ಕ್ರಮ, ದನಗಳ ಔಷಧ ಎಲ್ಲ ಅದರಲ್ಲಿದೆ. ಸಾವಿರ ವರ್ಷದ ಹಿಂದೆ ಇದನ್ನು ಸಂಸ್ಕೃತದಲ್ಲಿ ಬರೆಯದೆ ಕನ್ನಡದಲ್ಲಿ ಬರೆದರು ಅಂದರೆ, ಓದುವವರು ಆಸ್ಥಾನದ ಪಂಡಿತರು ಮಾತ್ರ ಅಲ್ಲ ಎಂದೇ ಅರ್ಥವಲ್ಲವೆ? ಸಿಕಂದರಾಬಾದಿನ ಏಷ್ಯನ್ ಅಗ್ರಿ-ಹಿಸ್ಟರಿ ಫೌಂಡೇಶನ್‌ನವರು 2006ರಲ್ಲಿ ಇದರ ಇಂಗ್ಲಿಷ್ ಅನುವಾದ ಅಚ್ಚು ಹಾಕಿದರು. ನಮ್ಮ ಮನೆಯ ಪುಸ್ತಕವನ್ನು ನಾವೇ ಅಟ್ಟದ ಮೇಲೆ ಇಟ್ಟು ಮರೆತ ಹಾಗಾಯಿತು.

ಅದಾಗಿ ನೂರು ವರ್ಷಕ್ಕೆ ಕಲ್ಯಾಣದ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಬರೆಸಿದ. ರಾಜನಾದವನು ತೋಟದಲ್ಲಿ ಹೇಗೆ ಹೊತ್ತು ಕಳೆಯಬೇಕು, ವನಕ್ರೀಡೆ ಹೇಗೆ, ಉಯ್ಯಾಲೆ ಹೇಗೆ ಎಂಬುದೂ ಅದರಲ್ಲಿ ಉಂಟು. ಅರಮನೆಯವರಿಗೆ ತೋಟದಲ್ಲಿ ಆಡಲೂ ಗ್ರಂಥ ಬೇಕಿತ್ತು. ನಮ್ಮ ಹುಣಸೆಮರಕ್ಕೆ ಹಗ್ಗ ಕಟ್ಟಿ ಜೀಕಿದ ಮಕ್ಕಳಿಗೆ ಯಾವ ಗ್ರಂಥವೂ ಬೇಕಾಗಲಿಲ್ಲ, ಕೈಯ ಚರ್ಮ ಕಿತ್ತಿತು ಅಷ್ಟೆ. ಊರೂರಿನ ಕಲ್ಲಿನ ಶಾಸನಗಳಲ್ಲಿ ಗುಡಿಗೆ ಬಿಟ್ಟುಕೊಟ್ಟ ಹೂದೋಟದ ಮಾತು ಬರುತ್ತದೆ. ಹಳೆಯ ಅಕ್ಷರದಲ್ಲಿ 'ಪೂದೋಂಟ' ಅಂತ ಇರುತ್ತದೆ. ಇಷ್ಟು ಮತ್ತರು ಹೊಲ, ಇಷ್ಟು ಹೂದೋಟ ಅಂತ ಅಳತೆ ಹಾಕಿ ಬರೆಸಿದ್ದಾರೆ. ಹೂವಿನ ಗಿಡಕ್ಕೂ ಹೊಲದಷ್ಟೇ ಗಟ್ಟಿ ಕಾಗದ ಇತ್ತು, ಅದೂ ಕಲ್ಲಿನ ಕಾಗದ.

ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಬನವಾಸಿಯ ವಸಂತ ಅಂದಕೂಡಲೆ ಕನ್ನಡ ಮಾಸ್ತರರ ಬಾಯಲ್ಲಿ ಪಂಪನ ಹೆಸರು ಬರುತ್ತದೆ. ಆ ಪಂಪ ತನ್ನ ಕಾವ್ಯವನ್ನು ಬರೆದದ್ದು 941ರ ಸುಮಾರಿಗೆ, ವೇಮುಲವಾಡದ ಅರಿಕೇಸರಿಯ ಆಶ್ರಯದಲ್ಲಿ. ವೇಮುಲವಾಡ ಇರುವುದು ಇದೇ ತೆಲಂಗಾಣದಲ್ಲಿ. ಅವನ ತಮ್ಮ ಜಿನವಲ್ಲಭ ಕರೀಂನಗರ ಸೀಮೆಯ ಕುರಿಕ್ಯಾಲದ ಗುಡ್ಡದ ಮೇಲೆ ಕೆತ್ತಿಸಿದ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಒಂದೇ ಬಂಡೆಯ ಮೇಲಿವೆ. ನಮ್ಮ ಮನೆಯಲ್ಲಿ ಒಂದೇ ಮಾತಿನೊಳಗೆ ಕನ್ನಡ, ತೆಲುಗು ಬೆರೆಯುತ್ತವೆ ಎಂದು ನಗುವ ಬೀಗರಿಗೆ ನಾನು ಈ ಬಂಡೆಯ ಕಥೆ ಹೇಳುತ್ತೇನೆ.

ಹಿತ್ತಲದ ಎರಡನೆಯ ಕಾಲ ಬೀದರದಿಂದ ಬಂತು. ಬಹಮನಿ ಸುಲ್ತಾನ ಅಹಮದ್ ಶಹಾ 1420ರ ದಶಕದಲ್ಲಿ ಕಲಬುರಗಿಯಿಂದ ಬೀದರಕ್ಕೆ ರಾಜಧಾನಿ ಒಯ್ದ. ಇರಾನಿನ ಕಡೆಯಿಂದ ಬಂದ ಜನ ತಮ್ಮ ಜೊತೆ ತಂದದ್ದು ಕತ್ತಿ ಒಂದೇ ಅಲ್ಲ, ತೋಟ ಮಾಡುವ ರೀತಿಯನ್ನೂ ತಂದರು. ಬೀದರ ಕೋಟೆಯಲ್ಲಿ ಸೋಲಾ ಖಂಬ ಮಸೀದಿಯ ಎದುರಿನ ಲಾಲ್ ಬಾಗ್ ಅಂಥದ್ದು. ಊರ ಹೊರಗೆ ನೌಬಾದದಲ್ಲಿ ನೆಲದಡಿಗೆ ಮೂರು ಕಿಲೋಮೀಟರಿನಷ್ಟು ಸುರಂಗ ಕೊರೆದು, ನಡುನಡುವೆ ಬಾವಿಯಂಥ ಕಿಂಡಿ ಬಿಟ್ಟು ನೀರು ತಂದರು. ಜನ ಅದನ್ನು ಸುರಂಗ ಬಾವಿ ಅನ್ನುತ್ತಾರೆ, ಪಾರಸಿಯಲ್ಲಿ ಕರೇಜ್. ನೋಡಲು ಹೋದವರು ಮೇಲಿನಿಂದ ಇಣುಕಿ ಬಂದರೆ ಸಾಲದು, ಇಳಿಯಲು ಬಿಟ್ಟರೆ ಇಳಿದು ನೋಡಬೇಕು. ಅಲ್ಲಿನ ದಿವಾನ ಮಹಮೂದ್ ಗಾವಾನನಿಗೆ ತೋಟದ ಗೀಳು ಎಷ್ಟಿತ್ತೋ, ತನ್ನ ಪತ್ರಗಳ ಪುಸ್ತಕಕ್ಕೆ ಇಟ್ಟ ಹೆಸರಿನಲ್ಲೂ ತೋಟವೇ ಇದೆ. 'ರಿಯಾಜುಲ್ ಇನ್ಶಾ', ಬರವಣಿಗೆಯ ತೋಟಗಳು.

ಕೋಟೆಯ ತೋಟ ಹಾಳಾಯಿತು, ಮಾತುಗಳು ನಮ್ಮ ಹಿತ್ತಲದಲ್ಲಿ ಉಳಿದವು. ಬಚ್ಚಲ ಪಕ್ಕದ ನೀರಿನ ತೊಟ್ಟಿಗೆ ನಾವು 'ಹೌದ' ಅನ್ನುತ್ತೇವೆ, ಅದು ಹೌಜ್. ಗುಲಾಬಿ ಅಂದರೆ ಪಾರಸಿಯ ಗುಲ್ ಮತ್ತು ಆಬ್, ಹೂವು ಮತ್ತು ನೀರು. ಅಂಜೂರ ಅವರದೇ ಮಾತು. ಸಂತೆಯಲ್ಲಿ ಹಣ್ಣು ಮಾರುವ ಬಾಗವಾನರ ಹೆಸರು ತೋಟದವರು ಅನ್ನುವುದೇ. ಬೇನಿಷಾನ್ ಮಾವು ಎಂದರೆ ನಿಶಾನಿ ಇಲ್ಲದ್ದು, ಕಲೆ ಇಲ್ಲದ ಹಣ್ಣು. ನಮ್ಮ ಮಾವನವರ ಅಪ್ಪ ಅದರ ಸಸಿಯನ್ನು ಹೈದರಾಬಾದಿನಿಂದ ರೈಲಿನಲ್ಲಿ ತಂದು ತಾಂಡೂರಿನಲ್ಲಿ ಇಳಿಸಿ, ಬಂಡಿಯಲ್ಲಿ ತಂದರಂತೆ. ವಾಡಿ–ಸಿಕಂದರಾಬಾದ್ ರೈಲು 1874ರಲ್ಲೇ ಶುರುವಾಗಿತ್ತು. ಬಂಡಿಯ ಕುಲುಕಾಟಕ್ಕೆ ಮಣ್ಣಿನ ಗಡ್ಡೆ ಒಡೆಯಬಾರದು ಅಂತ ದಾರಿಯುದ್ದ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು ಎಂದು ಅತ್ತಿ ಹೇಳುತ್ತಿದ್ದರು.

ಮೂರನೆಯದು ಸಮುದ್ರದಿಂದ ಬಂತು. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದ ಮೇಲೆ ಅಮೆರಿಕ ಖಂಡದ ಗಿಡಗಳು ಒಂದೊಂದಾಗಿ ಘಟ್ಟ ಹತ್ತಿ ಈ ಕಡೆ ಬಂದವು. ಮೆಣಸಿನಕಾಯಿ, ಪೇರಲ, ಪಪ್ಪಾಯಿ, ಸೀತಾಫಲ, ಟಮಾಟಿ, ಬಟಾಟಿ, ಶೇಂಗಾ, ಚೆಂಡುಹೂ, ಸಂಜೆಮಲ್ಲಿಗೆ. ಇವನ್ನೆಲ್ಲ ತೆಗೆದು ನೋಡಿದರೆ ನಮ್ಮ ಹಿತ್ತಲ ಅರ್ಧ ಖಾಲಿ. ಚಾವುಂಡರಾಯನ ಅಡುಗೆಯಲ್ಲಿ ಮೆಣಸಿನಕಾಯಿ ಇಲ್ಲ, ಇರಲು ಸಾಧ್ಯವೂ ಇಲ್ಲ. ಆಗ ಖಾರ ಅಂದರೆ ಮೆಣಸು, ಕಾಳುಮೆಣಸು. ಹೊಸ ಕಾಯಿ ಬಂದಾಗ ನಮ್ಮವರು ಅದಕ್ಕೆ ಹೊಸ ಹೆಸರು ಹುಡುಕುತ್ತ ಕೂಡಲಿಲ್ಲ. ಮೆಣಸಿನ ಹಾಗೆ ಖಾರ ಇದೆ, ಕಾಯಿ ಇದೆ, ಮೆಣಸಿನಕಾಯಿ ಅಂದರು. ಪಪ್ಪಾಯಿಗೆ ಕೆಳಗಿನ ಕರ್ನಾಟಕದವರು ಪರಂಗಿ ಹಣ್ಣು ಅನ್ನುತ್ತಾರೆ, ಫರಂಗಿಗಳು ತಂದದ್ದಕ್ಕೆ. ಸೀತಾಫಲಕ್ಕೆ ಮಾತ್ರ ಸೀತಮ್ಮನ ಹೆಸರು ಇಟ್ಟು ರಾಮಾಯಣದೊಳಗೇ ಸೇರಿಸಿಬಿಟ್ಟರು. ನಮ್ಮ ಹಳೆಯ ಜಿಲ್ಲೆ ಮಹಬೂಬನಗರದ ಬಾಲಾನಗರ ಅನ್ನುವ ಊರಿನ ಹೆಸರಿನಲ್ಲಿ ಸೀತಾಫಲದ ಒಂದು ಜಾತಿಯೇ ದೇಶದಲ್ಲೆಲ್ಲ ಹೆಸರಾಗಿದೆ. ಚೈತ್ರದಲ್ಲಿ ಆ ಗಿಡ ಬರೀ ಕಡ್ಡಿ. ಒಣಗಿತು ಅಂತ ಹೊಸಬರು ಕಡಿಯಲು ಹೋಗುತ್ತಾರೆ. ಸ್ವಲ್ಪ ತಾಳಿದರೆ ಮಳೆಗಾಲದ ಮುಂಚೆ ಚಿಗುರು, ಹೂ, ದಸರೆಗೆ ಹಣ್ಣು.

ಚೆಂಡುಹೂವಿನ ಮಾತು ನನಗೆ ಬಹಳ ಪ್ರೀತಿಯದು. ಮೆಕ್ಸಿಕೋ ದೇಶದಿಂದ ಬಂದ ಹೂ. ಕನ್ನಡದವರು ಅದನ್ನು ನೋಡಿ ಚೆಂಡು ಅಂದರು. ತೆಲುಗಿನವರು ಬಂತಿ ಅಂದರು. ಬಂತಿ ಅಂದರೂ ಚೆಂಡೇ. ಒಬ್ಬರನ್ನೊಬ್ಬರು ಕೇಳದೆ ಇಬ್ಬರಿಗೂ ಅದೇ ಹೊಳೆಯಿತೋ, ಬೇಲಿಯ ಮೇಲಿಂದ ಮಾತಾಡಿಕೊಂಡು ಇಟ್ಟರೋ, ಅಂತೂ ಎರಡು ಹೆಸರಿನ ಒಳಗೆ ಒಂದೇ ನೋಟ.

ಈಗ ಯುಗಾದಿಯ ಗಡಿಗೆಯ ಹತ್ತಿರ ಬರುತ್ತೇನೆ. ಮೈಸೂರು ಕಡೆ ಬೇವು-ಬೆಲ್ಲ ಅಂದರೆ ಚಿಟಿಕೆಯಷ್ಟು ಬಾಯಿಗೆ ಹಾಕಿಕೊಳ್ಳುವುದು. ನಮ್ಮ ಕಲಬುರಗಿ, ಬೀದರ ಕಡೆ ಹಾಗಲ್ಲ, 'ಬೇವು' ಅಂದರೆ ಕುಡಿಯುವುದು. ಹೊಸ ಗಡಿಗೆಯಲ್ಲಿ ನೀರು, ಹುಣಸೆಹುಳಿ, ಬೆಲ್ಲ, ಮಾವಿನಕಾಯಿ ತುರಿ, ಬೇವಿನ ಹೂ, ಪುಟಾಣಿ ಹಿಟ್ಟು, ಕೈಲಾದವರು ಗಸಗಸೆ, ಒಣದ್ರಾಕ್ಷಿ. ತೆಲಂಗಾಣದ ಯುಗಾದಿ ಪಚ್ಚಡಿಯೂ ಹೊಸ ಗಡಿಗೆಯಲ್ಲೇ ಆಗುತ್ತದೆ, ಅದೂ ಕುಡಿಯುವಷ್ಟು ನೀರಾಗಿಯೇ ಇರುತ್ತದೆ, ಖಾರ ಮಾತ್ರ ಹೆಚ್ಚು. ನಾನು ಮೊದಲ ಯುಗಾದಿಗೆ ನಮ್ಮ ತವರಿನ ಹಾಗೆ ಪುಟಾಣಿ ಹಾಕಿದೆ. ಅತ್ತಿ ನೋಡಿ, "ಪುಟಾಣಿ ಹಾಕು, ಬ್ಯಾಡ ಅನ್ನಲ್ಲ. ಕಾರಪುಡಿನೂ ಒಂದ ಚಿಟಿಕಿ ಬೀಳಲಿ, ಓಣ್ಯಾಗಿನ ಮಂದಿ ಕುಡೀಬೇಕಲ್ಲ" ಅಂದರು. ಅಂದಿನಿಂದ ನಮ್ಮ ಮನೆಯ ಗಡಿಗೆಯಲ್ಲಿ ಎರಡೂ ಇರುತ್ತವೆ. ಆ ಗಡಿಗೆಯನ್ನು ಒಮ್ಮೆ ಚರಿತ್ರೆಯ ಕಣ್ಣಿನಿಂದ ನೋಡ್ರಿ. ಬೇವು, ಮಾವು ಈ ನೆಲದವು. ಹುಣಸೆಗೆ ಅರಬರು 'ತಮರೆ ಹಿಂದ್', ಹಿಂದೂಸ್ತಾನದ ಖರ್ಜೂರ ಅಂತ ಹೆಸರಿಟ್ಟರೂ ಅದರ ಮೂಲ ಆಫ್ರಿಕಾ, ಎಷ್ಟೋ ಶತಮಾನದ ಹಿಂದೆಯೇ ಬಂದು ನಮ್ಮದಾಗಿದೆ. ಬೆಲ್ಲ ಕೊಡುವ ಕಬ್ಬನ್ನು ಮೊದಲು ಬೆಳೆಸಿದವರು ದೂರದ ನ್ಯೂಗಿನಿ ದ್ವೀಪದವರು. ಖಾರ ಅಮೆರಿಕದ್ದು. ಒಂದು ಗುಟುಕಿನಲ್ಲಿ ನಾವು ಕುಡಿಯುವುದು ಇಷ್ಟು ದೂರ.

ಇನ್ನು ನಾಲ್ಕನೆಯ ಕಾಲ, ಇದು ನೋವಿನದು. 1956ರ ನವೆಂಬರ್ 1ರ ತನಕ ಕೊಡಂಗಲ್ ಮತ್ತು ತಾಂಡೂರು ತಾಲೂಕುಗಳು ಹೈದರಾಬಾದ್ ರಾಜ್ಯದ ಗುಲಬರ್ಗಾ ಜಿಲ್ಲೆಯಲ್ಲಿ ಇದ್ದವು. ನಾರಾಯಣಖೇಡ, ಜಹೀರಾಬಾದ್ ಬೀದರ ಜಿಲ್ಲೆಯಲ್ಲಿ. ಭಾಷಾವಾರು ಪ್ರಾಂತ ಆದಾಗ ಗುಲಬರ್ಗಾ, ಬೀದರ ಮೈಸೂರು ರಾಜ್ಯಕ್ಕೆ ಹೋದವು, ಈ ತಾಲೂಕುಗಳು ಆಂಧ್ರಪ್ರದೇಶಕ್ಕೆ ಬಂದವು. ಜಹೀರಾಬಾದಿನದು ಒಂದು ನಿರ್ಣಾ ಸರ್ಕಲ್ ಮಾತ್ರ ಆ ಕಡೆ ಉಳಿಯಿತು. ನಮ್ಮ ಹುಣಸೆಮರ ಒಂದು ಗೇಣೂ ಸರಿಯದೆ ಮೂರು ರಾಜ್ಯ ಕಂಡಿದೆ, ಹೈದರಾಬಾದ್, ಆಂಧ್ರಪ್ರದೇಶ, 2014ರಿಂದ ತೆಲಂಗಾಣ. ಮೂರು ಜಿಲ್ಲೆಯನ್ನೂ ಕಂಡಿದೆ, ಗುಲಬರ್ಗಾ, ಮಹಬೂಬನಗರ, 2016ರ ದಸರೆಯಿಂದ ವಿಕಾರಾಬಾದ್. ತೊಗರಿಯ ಕಥೆಯೂ ಹಾಗೇ. ಕಲಬುರಗಿ ತೊಗರಿಗೆ 2019ರಲ್ಲಿ, ತಾಂಡೂರು ತೊಗರಿಗೆ 2022ರಲ್ಲಿ ಬೇರೆ ಬೇರೆ ಭೌಗೋಳಿಕ ಗುರುತಿನ ಪಟ್ಟಿ ಸಿಕ್ಕಿತು. ನಮ್ಮ ಹಿತ್ತಲದ ಬೇಲಿಗೆ ಕಟ್ಟಿದ ತೊಗರಿ ಕಟ್ಟಿಗೆಗೆ ಮಾತ್ರ ಯಾವ ಪಟ್ಟಿಯೂ ಇಲ್ಲ.

ಗಡಿಯ ಗೆರೆ ಕಚೇರಿಗಳನ್ನು ಬೇರೆ ಮಾಡಿತು, ಬೀಗತನ ಬೇರೆ ಮಾಡಲಿಲ್ಲ. ಸೇಡಂ, ಚಿಂಚೋಳಿ ಕಡೆಯ ಹೆಣ್ಣುಮಕ್ಕಳು ಈ ಕಡೆ ಬರುತ್ತಲೇ ಇದ್ದರು, ಇಲ್ಲಿನವರು ಅಲ್ಲಿಗೆ ಹೋಗುತ್ತಲೇ ಇದ್ದರು. ಹೋಗುವಾಗ ಬರುವಾಗ ಸೆರಗಿನ ತುದಿಯಲ್ಲಿ ಬೀಜದ ಗಂಟು, ಹಸಿಬಟ್ಟೆಯಲ್ಲಿ ಸುತ್ತಿದ ಟೊಂಗೆ. ಈ ಸಾಗಾಟ ಯಾವ ಗೆಜೆಟಿಯರಿನಲ್ಲೂ ಬರೆದಿಲ್ಲ. ನಮ್ಮ ಹಿತ್ತಲದ ಹೀರೆ ಬೀಜ ಅತ್ತಿಯ ತವರಿನದು, ಅವರ ಅತ್ತಿ ತಂದದ್ದು ಗೋರಂಟಿ ಬೇಲಿ, ನನ್ನದು ದುಂಡುಮಲ್ಲಿಗೆ. ನಾನು ಅದರ ಟೊಂಗೆ ತಂದಾಗ ಕೊಡಂಗಲ್ ಬಸ್‌ಸ್ಟ್ಯಾಂಡಿನ ನಳದಲ್ಲಿ ಬಟ್ಟೆ ಮತ್ತೆ ತೊಯ್ಸಿಕೊಂಡಿದ್ದೆ. "ತವರಿಂದ ಬಂದ ಗಿಡ ಜಲ್ದಿ ಹತ್ತತದ" ಅಂತ ಅತ್ತಿ ತಾವೇ ಕುಣಿ ತೋಡಿದರು. ಹತ್ತಿತು. ಈಗ ಓಣಿಯ ಏಳು ಮನೆಯಲ್ಲಿ ಅದರ ಮರಿಗಳಿವೆ.

ಹೆಸರುಗಳ ವಿಷಯ ಬಂದಾಗ ಬಹಳ ದಿನ ಅತ್ತಿ-ಸೊಸೆ ಜಗಳ. ನಾನು ಕರಿಬೇವು ಅಂದರೆ ಅವರು ಕಲ್ಯಾಮಾಕು ಅನ್ನುವರು. ನ‌ಾನು ಪೇರಲ, ಅವರು ಜಾಮ. ನಾನು ಸಂಜೆಮಲ್ಲಿಗೆ, ಅವರು ಚಂದ್ರಕಾಂತ. ಹುಣಸೆಗೆ ಈ ಊರಿನಲ್ಲಿ ನಾಲ್ಕು ಹೆಸರು ಕೇಳಬಹುದು, ಹುಣಸಿ, ಚಿಂತ, ಚಿಂಚ, ಇಮ್ಲಿ. ಆದರೆ ಪುಂಡಿಪಲ್ಯಕ್ಕೆ ಬಂದಾಗ ಜಗಳ ನಿಂತಿತು. ಕರಾವಳಿ ಆಂಧ್ರದವರು ಗೋಂಗೂರ ಅನ್ನುವ ಆ ಸೊಪ್ಪಿಗೆ ತೆಲಂಗಾಣದ ತೆಲುಗಿನವರು ಪುಂಟಿಕೂರ ಅನ್ನುತ್ತಾರೆ. ಪುಂಡಿ, ಪುಂಟಿ! ವಿಜಯವಾಡದ ತೆಲುಗಿಗಿಂತ ಸೇಡಂನ ಕನ್ನಡವೇ ಅದಕ್ಕೆ ಹತ್ತಿರ. ಬೇವು ಅವರ ಬಾಯಲ್ಲಿ ವೇಪ, ಹೀರೆ ಬೀರ, ಹಣ್ಣು ಪಂಡು. ನಮ್ಮ ಹಳಗನ್ನಡದಲ್ಲೂ ಹಣ್ಣು ಪಣ್ಣೇ, ಹೂ ಪೂವೇ ಆಗಿತ್ತು. ನಾವು ಪಕಾರ ಬಿಟ್ಟು ಹಕಾರ ಹಿಡಿದೆವು, ಅವರು ಬಿಡಲಿಲ್ಲ. ಗಾದೆಯೂ ಇಬ್ಬರದು ಒಂದೇ. ನಾವು ಹಿತ್ತಲ ಗಿಡ ಮದ್ದಲ್ಲ ಅನ್ನುತ್ತೇವೆ, ಅವರು 'ಪೆರಟಿ ಚೆಟ್ಟು ವೈದ್ಯಾನಿಕಿ ರಾದು' ಅನ್ನುತ್ತಾರೆ. ಮಾತು ಬೇರೆ, ಕೈಯಳತೆಯದನ್ನು ಕಡೆಗಣಿಸುವ ಬುದ್ಧಿ ಒಂದೇ.

ನೋವಿನದು ಅಂದೆ. ಯಾಕೆಂದರೆ ನಮ್ಮ ಮೊಮ್ಮಕ್ಕಳಿಗೆ ಈ ಎರಡು ಹೆಸರೂ ಬರುವುದಿಲ್ಲ. ಇಂಗ್ಲಿಷ್ ಮೀಡಿಯಂ ಶಾಲೆಯ ಮಗುವಿಗೆ ಎಲ್ಲ 'ಲೀಫ್', ಎಲ್ಲ 'ಫ್ಲವರ್'. ತೆಲುಗು ಕಲಿತು ಕನ್ನಡ ಮರೆತರು ಅಂತ ನಾವು ಒಂದು ಕಾಲಕ್ಕೆ ಅಳುತ್ತಿದ್ದೆವು. ಈಗ ತೆಲುಗಿನವರೂ ನಮ್ಮ ಜೊತೆ ಕೂತು ಅಳಬೇಕಾಗಿದೆ. ಹೆಸರು ಹೋದರೆ ಹೋಗಲಿ, ಗಿಡ ಇರುತ್ತದಲ್ಲ ಅನ್ನಬಹುದು. ಗಿಡಕ್ಕೂ ಜಾಗ ಉಳಿಯುತ್ತಿಲ್ಲ. ಮೊದಲು ಬಚ್ಚಲ ನೀರು ಬಾಳೆ ಬುಡಕ್ಕೆ ಹೋಗುತ್ತಿತ್ತು, ಈಗ ಸಿಮೆಂಟಿನ ಕಾಲುವೆಗೆ ಹೋಗುತ್ತದೆ. ತಾಂಡೂರಿನ ನೀಲಿ ಬಂಡೆ ಮೊದಲು ಒಗೆಯುವ ಕಲ್ಲು, ಹೌದದ ಕಲ್ಲು ಆಗಿತ್ತು. ಈಗ ಅದನ್ನೇ ಹಿತ್ತಲದ ತುಂಬ ಹಾಸಿ, ಸಂದಿಗೂ ಸಿಮೆಂಟು ತುಂಬುತ್ತಾರೆ. ಸ್ವಚ್ಛ ಕಾಣುತ್ತದೆ, ನಿಜ. ಚೈತ್ರದ ರಾತ್ರಿ ಆ ಬಂಡೆ ಹಗಲಿನ ಬಿಸಿಯನ್ನೆಲ್ಲ ಉಗುಳುತ್ತಿದ್ದರೆ ಅಲ್ಲಿ ಹೊರಸು ಹಾಕುವವರು ಯಾರು?

ಒಳ್ಳೆಯ ಸುದ್ದಿಯೂ ಇಲ್ಲದಿಲ್ಲ. ಜಹೀರಾಬಾದ್ ಹತ್ತಿರ ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಹೆಣ್ಣುಮಕ್ಕಳು ಹಳೆಯ ಬೀಜ ಕಾಪಾಡಿ, ಬಂಡಿಯಲ್ಲಿ ಹೇರಿ ಊರೂರಿಗೆ ಜಾತ್ರೆ ಒಯ್ಯುತ್ತಾರೆ. 2019ರಲ್ಲಿ ಅವರಿಗೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ನಮ್ಮ ಸರ್ಕಾರ 2015ರಲ್ಲಿ ಶುರು ಮಾಡಿದ ಹರಿತ ಹಾರದಿಂದ ಪಂಚಾಯ್ತಿ ನರ್ಸರಿಯ ಸಸಿಗಳೂ ಮನೆಗೆ ಬಂದವು. ನಮ್ಮ ಹಿತ್ತಲದ ಕೊನೆಯ ಗಿಡ ಅದೇ, ಪ್ಲಾಸ್ಟಿಕ್ ಚೀಲದಲ್ಲಿ ಬಂದ ಕರಿಬೇವು. ಹಳೆಯದರ ಪಕ್ಕದಲ್ಲೇ ನೆಟ್ಟಿದ್ದೇನೆ, ಚಿಗುರಿದೆ.

ಹುಣಸೆಮರದ ಮಾತು ಮಾತ್ರ ಇನ್ನೂ ಮುಗಿದಿಲ್ಲ. ಪಾಲಾದಾಗ ಹಿತ್ತಲದ ನಡುವೆ ಗೋಡೆ ಬಂತು, ಮರ ಮೈದುನನ ಕಡೆ ಬಿತ್ತು, ನೆರಳು ನಮ್ಮ ಕಡೆ. ಅತ್ತಿ ಇರುವ ತನಕ ಕಡಿಯುವುದಿಲ್ಲ ಅಂತ ಹಿರಿಯರ ಮುಂದೆ ಮಾತಾಗಿತ್ತು. ಅವರು ಹೋಗಿ ನಾಲ್ಕು ವರ್ಷವಾಯಿತು. ಮೈದುನನಿಗೂ ಮರದ ಮೇಲೆ ಸಿಟ್ಟಿಲ್ಲ, ಮಗನಿಗೆ ಬೇರೆ ಮನೆ ಬೇಕು, ಜಾಗ ಇರುವುದೇ ಅಷ್ಟು. ಈ ಫಾಲ್ಗುಣದಲ್ಲಿ ಮೇಸ್ತ್ರಿ ಬಂದು ಮರದ ಬುಡದ ಹತ್ತಿರ ಸುಣ್ಣದ ಗೆರೆ ಎಳೆದು ಹೋಗಿದ್ದಾನೆ. "ವದಿನಾ, ಹಣ್ಣ ಝಾಡಿಸಿಕೊಂಡಬಿಡ್ರಿ, ಬಸವ ಜಯಂತಿ ಆದಮ್ಯಾಲ ಪಾಯಾ ತೋಡ್ತೀವಿ" ಅಂದ ಮೈದುನ. ಯುಗಾದಿಯ ಮರುದಿನ ಎರಡೂ ಮನೆಯವರು ಸೇರಿ ಹಣ್ಣು ಝಾಡಿಸಿದೆವು. ನಾಲ್ಕು ಚೀಲ ಆಯಿತು. ಗೋಡೆಯ ಈ ಕಡೆ ನೆರಳಿನಲ್ಲಿ ಕೂತು ಸಿಪ್ಪೆ ಸುಲಿದು, ಕುಟ್ಟಿ, ಬೀಜ ಬೇರೆ ಮಾಡಿದೆವು. ಹುಡುಗರು ಚೌಕಾಬಾರಕ್ಕೆ ಬೀಜ ಆರಿಸಿಕೊಂಡರು. ನಾನು ಒಂದು ಮುಷ್ಟಿ ಬೂದಿಯಲ್ಲಿ ಹಾಕಿ ಇಟ್ಟಿದ್ದೇನೆ. ಮಿರಗದ ಮಳೆಗೆ ಹೊಲದ ಬದುವಿನಲ್ಲಿ ಊರಬೇಕು. ಹುಣಸೆ ಬೀಜದಿಂದ ಎದ್ದ ಗಿಡ ಕಾಯಿ ಹಿಡಿಯಲು ಎಂಟು-ಹತ್ತು ವರ್ಷ ಬೇಕು.